ಸ್ಟೌಟ್‌ಗೆ ಯಾವ ಓಟ್ಸ್ ಎಂಬುದನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸದ ಕುರಿತು ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕಾನೂನಿನ ಸಮ್ಮತಿ ಇರುವ ಕಡೆಗಳಲ್ಲಿ ಈ ಕೆಲಸವನ್ನು ಶ್ರದ್ಧೆಯಿಂದ ಮಾಡುವವರಿಗೆ ಅದರಲ್ಲಿ ಉಪಯುಕ್ತ ಮಾಹಿತಿ ಸಾಕಷ್ಟಿದೆ. ಆದರೆ ಓಟ್ಸ್ ಸ್ಟೌಟ್ ಎಂಬ ಕಪ್ಪು ಬಣ್ಣದ ಬಿಯರ್‌ನ ವಿಧಾನವನ್ನು ವಿವರಿಸುವಾಗ ‘ಅರ್ಧ ಕಿಲೋ ಓಟ್ಸ್ ಸೇರಿಸಿ’ ಎಂದಷ್ಟೇ ಹೇಳಿ ಮುಂದೆ ಸಾಗಿರುವುದು ಹೊಸಬರನ್ನು ಗೊಂದಲಕ್ಕೆ ಕೆಡವುತ್ತದೆ. ಬಿಯರ್‌ಗೆ ಬಳಸುವ ಓಟ್ಸ್‌ನಲ್ಲಿ ಕನಿಷ್ಠ ಮೂರು ಬಗೆಗಳಿದ್ದು, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ರುಚಿ, ಬಣ್ಣ, ಸಿಗುವ ಸಕ್ಕರೆಯ ಪ್ರಮಾಣ ಎಲ್ಲವೂ ಬದಲಾಗುತ್ತವೆ.

ಮೊದಲನೆಯದು ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಓಟ್ಸ್ ಪದರು. ಇದನ್ನು ಹಬೆಯಲ್ಲಿ ಬೇಯಿಸಿ ಉರುಳೆಗಳ ನಡುವೆ ಚಪ್ಪಟೆ ಮಾಡಿರುತ್ತಾರೆ. ಇದಕ್ಕೆ ಮೊಳಕೆ ಬರಿಸಿರುವುದಿಲ್ಲ. ಹೀಗಾಗಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಇದರಲ್ಲಿ ಇರುವುದಿಲ್ಲ, ಆ ಕೆಲಸವನ್ನು ಜೊತೆಯಲ್ಲಿರುವ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮಾಡಬೇಕು. ಎರಡನೆಯದು ತಿಳಿಬಣ್ಣದ ಓಟ್ಸ್ ಮಾಲ್ಟ್. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಹದವಾದ ಶಾಖದಲ್ಲಿ ಒಣಗಿಸಿ ತಯಾರಿಸುವ ಇದರಲ್ಲಿ ಕಿಣ್ವಗಳಿದ್ದರೂ ಅವುಗಳ ಬಲ ಬಾರ್ಲಿಯದಕ್ಕಿಂತ ಕಡಿಮೆ. ಮೂರನೆಯದು ಸಿಪ್ಪೆಯಿಲ್ಲದ ತಳಿಯ ಓಟ್ಸ್‌ನಿಂದ ಮಾಡಿದ ಕ್ರಿಸ್ಟಲ್ ಮಾಲ್ಟ್. ಬ್ರಿಟನ್ನಿನ ಸಿಂಪ್ಸನ್ಸ್ ಸಂಸ್ಥೆಯ ‘ಗೋಲ್ಡನ್ ನೇಕೆಡ್ ಓಟ್ಸ್’ ಈ ಬಗೆಯಲ್ಲಿ ಹೆಚ್ಚು ಪರಿಚಿತವಾದದ್ದು.

ಲೇಖನದಲ್ಲಿ ಹೆಸರೇ ಇಲ್ಲದ ಈ ಮೂರನೆಯ ಬಗೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸುತ್ತದೆ. ಮೊಳೆತ ಹಸಿ ಕಾಳನ್ನು ತಕ್ಷಣ ಒಣಗಿಸದೆ, ತೇವ ಆರದಂತೆ ಸುಮಾರು 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟಾಗ ಪಿಷ್ಟವು ಕಾಳಿನೊಳಗೇ ಸಕ್ಕರೆಯಾಗುತ್ತದೆ. ಅನಂತರ ಹುರಿದಾಗ ಆ ಸಕ್ಕರೆ ಗಟ್ಟಿಯಾಗಿ ಹೊಂಬಣ್ಣ ತಾಳುತ್ತದೆ. ಒಂದೆರಡು ಕಾಳನ್ನು ಬಾಯಿಗೆ ಹಾಕಿಕೊಂಡು ಕಡಿದರೆ ಸಾಕು, ವ್ಯತ್ಯಾಸ ತಿಳಿಯುತ್ತದೆ: ಮೊದಲು ಕರುಂ ಎಂದು ಒಡೆಯುತ್ತದೆ, ಬಳಿಕ ಹುರಿದ ಬೀಜದ ಪರಿಮಳ, ಕೊನೆಗೆ ಜೇನು ಕಾಸಿದಂತಹ ತೆಳುವಾದ ಸಿಹಿ. ಅಂಗಡಿಯ ಪದರಿನಲ್ಲಿ ಈ ಯಾವ ಗುಣವೂ ಇಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಅನುಕೂಲವೂ ಉಂಟು. ಮ್ಯಾಶ್ ಮಾಡುವ, ಅಂದರೆ ಒಡೆದ ಕಾಳನ್ನು ಬಿಸಿನೀರಿನಲ್ಲಿಟ್ಟು ಪಿಷ್ಟವನ್ನು ಸಕ್ಕರೆಯಾಗಿಸುವ ವ್ಯವಸ್ಥೆಯಿಲ್ಲದೆ, ಸಿದ್ಧವಾಗಿ ಸಿಗುವ ಮಾಲ್ಟ್ ಸಾರದಿಂದ (ಎಕ್ಸ್‌ಟ್ರಾಕ್ಟ್‌ನಿಂದ) ಬಿಯರ್ ತಯಾರಿಸುವವರು ಈ ಕಾಳನ್ನು ಒಡೆದು ಬಟ್ಟೆಯ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ತೆಗೆದರೂ ಅದರ ಸಕ್ಕರೆ ಮತ್ತು ರುಚಿ ನೀರಿಗೆ ಇಳಿಯುತ್ತವೆ. ಓಟ್ಸ್ ಪದರನ್ನೋ ತಿಳಿ ಓಟ್ಸ್ ಮಾಲ್ಟನ್ನೋ ಒಂಟಿಯಾಗಿ ಹೀಗೆ ನೆನೆಸುವುದು ಸರಿಯಲ್ಲ. ಸಕ್ಕರೆಯಾಗದ ಪಿಷ್ಟ ದ್ರವಕ್ಕೆ ಸೇರಿ, ಬಿಯರ್ ಕದಡಿದಂತೆಯೇ ಉಳಿಯುತ್ತದೆ. ಲೇಖನವನ್ನು ಓದಿ ಮೊದಲ ಬಾರಿ ಪ್ರಯತ್ನಿಸುವವರಲ್ಲಿ ಹೆಚ್ಚಿನವರು ಎಕ್ಸ್‌ಟ್ರಾಕ್ಟ್ ಬಳಸುವವರೇ ಆಗಿರುವ ಸಾಧ್ಯತೆ ಇರುವುದರಿಂದ ಈ ವಿವರ ಬಿಟ್ಟುಹೋಗಬಾರದಿತ್ತು.

ಸಿಪ್ಪೆಯುಳ್ಳ ಓಟ್ಸ್ ಮಾಲ್ಟ್ ಬಳಸುವವರು ಗಿರಣಿಯ ಕಡೆ ಗಮನ ಕೊಡಬೇಕು. ಓಟ್ಸ್ ಕಾಳು ಬಾರ್ಲಿಗಿಂತ ಸಪೂರವಾಗಿ, ಉದ್ದವಾಗಿ ಇರುತ್ತದೆ. ಬಾರ್ಲಿಗೆಂದು ಸುಮಾರು 1.2 ಮಿಲಿಮೀಟರ್ ಅಂತರಕ್ಕೆ ಹೊಂದಿಸಿದ ಉರುಳೆಗಳ ನಡುವೆ ಸುರಿದರೆ ಅದರಲ್ಲಿ ಬಹುಪಾಲು ಒಡೆಯದೆ ಜಾರಿ ಕೆಳಗೆ ಬೀಳುತ್ತದೆ. ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ ನೋಡಿದರೆ, ಸಿಪ್ಪೆ ಸೀಳಿದಂತೆ ಕಂಡರೂ ಒಳಗಿನ ತಿರುಳು ಇಡಿಯಾಗಿಯೇ ಇರುತ್ತದೆ. ಆದ್ದರಿಂದ ಬಾರ್ಲಿಯ ಜೊತೆ ಬೆರೆಸದೆ ಓಟ್ಸನ್ನು ಪ್ರತ್ಯೇಕವಾಗಿ, ಅಂತರವನ್ನು ಕಿರಿದು ಮಾಡಿಕೊಂಡು ಒಡೆಯಬೇಕು. ಕಾಳಿನ ತೂಕದಲ್ಲಿ ಸರಿಸುಮಾರು ಕಾಲುಭಾಗ ಸಿಪ್ಪೆಯೇ ಆಗಿರುವುದರಿಂದ ಚೆನ್ನಾಗಿ ಒಡೆದರೂ ಬಾರ್ಲಿಯಷ್ಟು ಸಕ್ಕರೆ ಸಿಗುವುದಿಲ್ಲ ಎಂಬುದನ್ನು ಲೆಕ್ಕ ಹಾಕುವಾಗಲೇ ನೆನಪಿಟ್ಟುಕೊಳ್ಳಬೇಕು. ಹಾಗೆಂದು ಸಿಪ್ಪೆ ವ್ಯರ್ಥವಲ್ಲ. ವರ್ಟ್ (ಮ್ಯಾಶ್‌ನಿಂದ ಸಿಗುವ ಸಿಹಿ ದ್ರವ) ಸೋಸುವಾಗ ಪಾತ್ರೆಯ ತಳದಲ್ಲಿ ಅದೇ ಜರಡಿಯಾಗಿ ನಿಂತು ದ್ರವ ಸರಾಗವಾಗಿ ಇಳಿಯುವಂತೆ ಮಾಡುತ್ತದೆ. ಸೋಸಿದ ಮೇಲೆ ಕಾಳಿನಲ್ಲಿ ಉಳಿದ ಸಕ್ಕರೆಯನ್ನು ತೊಳೆದು ತೆಗೆಯುವ ನೀರು ಮಾತ್ರ 77 ಡಿಗ್ರಿ ದಾಟದಿರಲಿ. ಅದಕ್ಕಿಂತ ಬಿಸಿಯಾದರೆ ಸಿಪ್ಪೆಯ ಒಗರು ಬಿಯರ್‌ಗೆ ಇಳಿಯುತ್ತದೆ.

ಸೋಸುವಿಕೆ ಕಟ್ಟಿಕೊಳ್ಳುವ ತೊಂದರೆಯನ್ನು ಲೇಖನ ಪ್ರಸ್ತಾಪಿಸಿದೆಯಾದರೂ ಕಾರಣವನ್ನು ಹೇಳಿಲ್ಲ. ಓಟ್ಸ್ ಗಂಜಿಯನ್ನು ಲೋಳೆಯಾಗಿಸುವ ಬೀಟಾ-ಗ್ಲೂಕನ್ ಎಂಬ ನಾರಿನಂಶವೇ ಇಲ್ಲಿಯೂ ಕೆಲಸ ಮಾಡುತ್ತದೆ. ಬಾಯಲ್ಲಿ ನುಣುಪಾಗಿ, ತುಂಬಿಕೊಂಡಂತೆ ಅನಿಸುವ ಗುಣಕ್ಕೆ ಅದರ ಕೊಡುಗೆಯೂ ಇದೆ, ಹೆಚ್ಚಾದರೆ ಮ್ಯಾಶ್ ಅಂಟಂಟಾಗಿ ನಿಂತುಬಿಡುವುದಕ್ಕೂ ಅದೇ ಕಾರಣ. ಮೊಳಕೆ ಬರುವಾಗ ಈ ಅಂಶ ಸಾಕಷ್ಟು ಒಡೆಯುವುದರಿಂದ ಮಾಲ್ಟ್ ಮಾಡಿದ ಓಟ್ಸ್ ಪದರಿಗಿಂತ ಸಲೀಸಾಗಿ ಸೋಸುತ್ತದೆ. ಪದರನ್ನೇ ಹೆಚ್ಚಾಗಿ ಬಳಸುವವರು ಮ್ಯಾಶನ್ನು ಮೊದಲು 45 ಡಿಗ್ರಿಯ ಆಸುಪಾಸಿನಲ್ಲಿ ಹದಿನೈದು ನಿಮಿಷ ನಿಲ್ಲಿಸಿ, ಆಮೇಲೆ 66 ಅಥವಾ 67 ಡಿಗ್ರಿಗೆ ಏರಿಸಿದರೆ ತೊಂದರೆ ಕಡಿಮೆಯಾಗುತ್ತದೆ.

ಪ್ರಮಾಣದ ವಿಷಯದಲ್ಲಿ ಲೇಖಕರು ಹೇಳಿದ ಅರ್ಧ ಕಿಲೋ ಸ್ಟೌಟ್‌ಗೆ ಸರಿಯೇ, ಆದರೆ ಓಟ್ಸ್‌ನ ಬಗೆ ಮತ್ತು ಪ್ರಮಾಣ ಬಿಯರ್‌ಗೆ ತಕ್ಕಂತೆ ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. 20 ಲೀಟರ್ ಸ್ಟೌಟ್‌ಗೆ ಒಟ್ಟು ಐದು ಕಿಲೋ ಕಾಳು ಹಿಡಿಯುತ್ತದೆ ಎಂದುಕೊಂಡರೆ, ಅರ್ಧ ಕಿಲೋ ಅಂದರೆ ಶೇ 10ರಷ್ಟು ಕ್ರಿಸ್ಟಲ್ ಓಟ್ಸ್ ಹಾಕಿದಾಗ ಅದರ ಬೀಜದಂತಹ ಪರಿಮಳ ಹುರಿದ ಬಾರ್ಲಿಯ ಕಹಿಯೊಂದಿಗೆ ಚೆನ್ನಾಗಿ ಹೊಂದುತ್ತದೆ. ಮಸುಕಾಗಿ ಕಾಣುವ, ಹಾಪ್ಸ್ ಎಂಬ ಹೂವಿನ ಪರಿಮಳವೇ ಮುಂದಿರಬೇಕಾದ ನ್ಯೂ ಇಂಗ್ಲೆಂಡ್ ಶೈಲಿಯ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರ್‌ಗೆ ಮಾತ್ರ ಅದನ್ನು ಇಷ್ಟು ಹಾಕುವುದು ತರವಲ್ಲ. ಕ್ರಿಸ್ಟಲ್‌ನ ಸಿಹಿ ಹಾಪ್ಸ್‌ನ ಹಣ್ಣಿನ ವಾಸನೆಯನ್ನು ಮುಚ್ಚುತ್ತದೆ, ಬಣ್ಣವೂ ಕಂದುಗಟ್ಟುತ್ತದೆ. ಅಲ್ಲಿ ತಿಳಿ ಓಟ್ಸ್ ಮಾಲ್ಟನ್ನೇ ಶೇ 15ರಿಂದ 20ರವರೆಗೆ ಬಳಸುವುದು ಉತ್ತಮ.

ಕೊನೆಯದಾಗಿ ಶೇಖರಣೆಯ ವಿಚಾರ. ಓಟ್ಸ್‌ನಲ್ಲಿ ಕೊಬ್ಬಿನ ಅಂಶ ಬಾರ್ಲಿಯದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು. ಕಾಳು ಒಡೆದ ಕೂಡಲೇ ಆ ಕೊಬ್ಬಿಗೆ ಗಾಳಿ ತಗುಲಿ ಹಳಸುವ ಕ್ರಿಯೆ ಆರಂಭವಾಗುತ್ತದೆ. ಹೀಗೆ ಹಳಸಿದ ಮಾಲ್ಟ್ ಬಿಯರ್‌ಗೆ ಹಳೆಯ ಎಣ್ಣೆಯ ವಾಸನೆ ತರುತ್ತದೆ, ಕೊಬ್ಬು ಹೆಚ್ಚಾದಾಗ ನೊರೆಯೂ ನಿಲ್ಲುವುದಿಲ್ಲ. ಲೇಖನದಲ್ಲಿ ಎಲ್ಲ ಕಾಳುಗಳನ್ನೂ ಒಡೆಸಿ ತಂದಿಟ್ಟುಕೊಳ್ಳಿ ಎಂಬ ಸಲಹೆಯಿದೆ. ಓಟ್ಸ್ ಮಾಲ್ಟನ್ನಾದರೂ ಇಡಿಯಾಗಿಯೇ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿಟ್ಟು, ಬಿಯರ್ ಮಾಡುವ ದಿನವೇ ಒಡೆದುಕೊಳ್ಳಬೇಕು ಎಂಬ ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ