ಮಗಳಿಗೊಂದು ಪತ್ರ: ವೊಂಟನ್ ಊಟ ಮತ್ತು ಕೆಂಪೆಣ್ಣೆ

ಕುಂಬಳೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಕೊಚ್ಚಿಯಲ್ಲಿ ಕೆಲಸ ಮುಗಿಸಿ ಕೋಣೆಗೆ ಮರಳುವಾಗ ರಾತ್ರಿಯಾಗಿರುತ್ತದೆಂದೂ, ಆಗ ಫ್ರೀಜರಿನಲ್ಲಿರುವ ತರಕಾರಿ ವೊಂಟನ್ (ತೆಳು ಹೊದಿಕೆಯ, ಹೂರಣ ತುಂಬಿದ ಚೀನೀ ಕಡುಬು) ಪೊಟ್ಟಣವೇ ಗತಿಯೆಂದೂ ನೀನು ಫೋನಿನಲ್ಲಿ ತುಸು ಸಂಕೋಚದಿಂದ ಹೇಳಿದೆ. ಸಂಕೋಚಕ್ಕೆ ಕಾರಣವೇ ಇಲ್ಲ. ಮಳೆಗಾಲಕ್ಕೆಂದು ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟು, ಬೇಕೆಂದಾಗ ತೆಗೆದು ಪಲ್ಯ ಮಾಡುವ ಮನೆಯಲ್ಲಿ ಬೆಳೆದವಳು ನೀನು. ಚೀನಾದ ಈಶಾನ್ಯ ಭಾಗದಲ್ಲಿಯೂ ಚಳಿಗಾಲ ಬಂತೆಂದರೆ ಮನೆಮಂದಿ ಒಟ್ಟಿಗೆ ಕುಳಿತು ಹೂರಣದ ಕಡುಬುಗಳನ್ನು ಮಡಚಿ, ಹೊರಗಿನ ಕೊರೆಯುವ ಚಳಿಯಲ್ಲಿಯೇ ಗಟ್ಟಿಯಾಗಿಸಿ ಕೂಡಿಡುತ್ತಿದ್ದರು. ಹಿಟ್ಟು ಲಟ್ಟಿಸಿ ಹೂರಣ ತುಂಬುವ ಕೆಲಸ ಮುಗಿದೇ ಇರುವಾಗ ನಿನ್ನ ಪಾಲಿಗೆ ಉಳಿಯುವುದು ಅದರ ಮೇಲಿನ ಖಾರದ ರಸವೊಂದೇ, ಮತ್ತು ರುಚಿಯೆಲ್ಲ ಇರುವುದು ಆ ರಸದಲ್ಲಿ. ಪೊಟ್ಟಣದೊಳಗೆ ಸಾಸಿನ ಪುಟ್ಟ ಪೊಟ್ಟಣ ಇದ್ದರೆ ಅದನ್ನು ಬದಿಗಿಡು.

ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ವೊಂಟನನ್ನು ಕೆಂಪೆಣ್ಣೆಯಲ್ಲಿ, ಅಂದರೆ ಕೆಂಪು ಮೆಣಸು ಹಾಕಿದ ಎಣ್ಣೆಯಲ್ಲಿ, ಹೊರಳಿಸಿ ತಿನ್ನುವ ಕ್ರಮವಿದೆ. ಆ ಎಣ್ಣೆಯನ್ನು ಭಾನುವಾರ ಒಮ್ಮೆ ಮಾಡಿಟ್ಟುಕೊಂಡರೆ ಬಹಳ ದಿನ ಬರುತ್ತದೆ. ಅರ್ಧ ಲೋಟ ನೆಲಗಡಲೆ ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿ, ಒಲೆ ಆರಿಸಿ ಕೆಲವು ನಿಮಿಷ ಬಿಡು. ನಮ್ಮ ತೆಂಗಿನೆಣ್ಣೆ ಇದಕ್ಕೆ ಹೊಂದುವುದಿಲ್ಲ. ಅದರ ಪರಿಮಳ ಮೆಣಸಿನ ಪರಿಮಳವನ್ನು ಮುಚ್ಚಿಬಿಡುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯೂ ಆಗುತ್ತದೆ. ಎಣ್ಣೆಗೆ ಒಂದು ಎಳ್ಳು ಹಾಕಿದಾಗ ಅದು ಕಪ್ಪಾಗದೆ ಮೆಲ್ಲನೆ ಗುಳ್ಳೆಯೆಬ್ಬಿಸಿದರೆ ಹದ ಸರಿಯಾಗಿದೆ ಎಂದರ್ಥ. ಆಗ 3 ದೊಡ್ಡ ಚಮಚ ತರಿತರಿಯಾಗಿ ಪುಡಿಮಾಡಿದ ಬ್ಯಾಡಗಿ ಮೆಣಸಿಗೂ ಒಂದು ಚಮಚ ಎಳ್ಳಿಗೂ ಆ ಎಣ್ಣೆಯನ್ನು ಹೊಯ್ಯಬೇಕು. ಎಣ್ಣೆ ತೀರ ಬಿಸಿಯಿದ್ದರೆ ಮೆಣಸು ಸುಟ್ಟು ಕಹಿಯಾಗುತ್ತದೆ, ತಣಿದಿದ್ದರೆ ಬಣ್ಣ ಬಿಡುವುದಿಲ್ಲ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ನಿನಗೆ ಖಾರ ಸಾಲದೆನಿಸಿದರೆ ಒಂದೆರಡು ಗಾಂಧಾರಿ ಮೆಣಸನ್ನು ತಿನ್ನುವ ಬಟ್ಟಲಿನಲ್ಲಿಯೇ ಜಜ್ಜಿಕೋ. ಬೆಳ್ಳುಳ್ಳಿಯೂ ಬಟ್ಟಲಿಗೇ ಸೇರಬೇಕು, ಎಣ್ಣೆಯ ಬಾಟಲಿಗೆ ಖಂಡಿತ ಬೇಡ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ, ಗಾಳಿಯಿಲ್ಲದ ಕಡೆ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದರಲ್ಲಿ ವಿಷ ಉಂಟುಮಾಡಬಹುದು, ಮತ್ತು ಅದು ವಾಸನೆಯಿಂದಾಗಲಿ ರುಚಿಯಿಂದಾಗಲಿ ತಿಳಿಯುವುದಿಲ್ಲ.

ಸಿಚುವಾನಿನ ಅಡುಗೆಯಲ್ಲಿ ಖಾರದ ಜೊತೆಗೆ ನಾಲಿಗೆ ಜುಮ್ಮೆನ್ನುವ ಗುಣವೊಂದಿದೆ. ಅದು ಬರುವುದು ಸಿಚುವಾನ್ ಮೆಣಸು ಎಂಬ ಅಲ್ಲಿನ ಒಂದು ಕಾಯಿಯ ಸಿಪ್ಪೆಯಿಂದ. ಇದನ್ನು ಓದಿದಾಗ ನನಗೆ ಆದ ಸಂತೋಷವನ್ನು ನಿನ್ನೊಡನೆ ಹಂಚಿಕೊಳ್ಳಲೇಬೇಕು: ಆ ಗಿಡವೂ, ಮಂಜೇಶ್ವರದ ಕೊಂಕಣಿ ಮನೆಗಳಲ್ಲಿ ಸಾರಿಗೆ ಹಾಕುವ ತೆಪ್ಪಳದ ಮರವೂ ಝಾಂತೋಝೈಲಮ್ ಎಂಬ ಒಂದೇ ಕುಲಕ್ಕೆ ಸೇರಿದವು. ಅಮೆರಿಕ ಖಂಡದ ಮೆಣಸಿನಕಾಯಿ ಸಮುದ್ರ ದಾಟಿ ಬರುವ ಮೊದಲು ನಮಗೆ ಒಳ್ಳೆಮೆಣಸು ಹೇಗಿತ್ತೋ, ಅವರಿಗೆ ಆ ಕಾಯಿ ಹಾಗಿತ್ತು. ತೆಪ್ಪಳದ ಪರಿಮಳ ತುಸು ಬೇರೆಯಾದರೂ ಜುಮ್ಮೆನಿಸುವ ಗುಣ ಅದರಲ್ಲಿಯೂ ಇರುವುದರಿಂದ, ಆ ಕಾಯಿಯ ದುಬಾರಿ ಪೊಟ್ಟಣವನ್ನು ಹುಡುಕಿಕೊಂಡು ಅಲೆಯುವ ಅಗತ್ಯವಿಲ್ಲ. ಒಳಗಿನ ಕಪ್ಪು ಬೀಜವನ್ನು ತೆಗೆದು ಬಿಸಾಡಿ, ಸಿಪ್ಪೆಯನ್ನು ಮಾತ್ರ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಕುಟ್ಟಿ ಪುಡಿಮಾಡು. ಒಂದು ಊಟಕ್ಕೆ ಒಂದು ಚಿಟಿಕೆ ಸಾಕು.

ಒಲೆಯ ಮೇಲೆ ನೀರಿಟ್ಟ ಕೂಡಲೇ ರಸವನ್ನು ಸಿದ್ಧಮಾಡಿಕೊಳ್ಳಬೇಕು, ಏಕೆಂದರೆ ಬೆಂದ ವೊಂಟನ್ ಕಾಯುವುದಿಲ್ಲ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. 1 ದೊಡ್ಡ ಚಮಚ ಸೋಯಾ ಸಾಸ್, 2 ಸಣ್ಣ ಚಮಚ ವಿನೆಗರ್, ಅರ್ಧ ಸಣ್ಣ ಚಮಚ ಸಕ್ಕರೆ, ಜಜ್ಜಿದ ಬೆಳ್ಳುಳ್ಳಿಯ ಎಸಳೊಂದು, ತೆಪ್ಪಳದ ಪುಡಿ ಮತ್ತು ತಳದ ಮೆಣಸಿನ ಚರಟದೊಂದಿಗೆ 2 ದೊಡ್ಡ ಚಮಚ ಕೆಂಪೆಣ್ಣೆ. ಉಪ್ಪು ಬೇಡ, ಸೋಯಾದಲ್ಲಿಯೇ ಬೇಕಾದಷ್ಟಿದೆ. ಚೀನಾದವರು ಅಂಟಕ್ಕಿಯಿಂದ ಮಾಡಿದ ಕಪ್ಪು ವಿನೆಗರನ್ನು ಬಳಸುತ್ತಾರೆ. ಅದು ಸಿಗದಿದ್ದರೆ ಸಾಮಾನ್ಯ ವಿನೆಗರನ್ನು ಸ್ವಲ್ಪ ಕಡಿಮೆ ಹಾಕಿ, ಸಕ್ಕರೆಯ ಬದಲು ಬೆಲ್ಲ ಸೇರಿಸು. ಅವರು ಪರಿಮಳಕ್ಕೆ ಹಾಕುವ ಎಳ್ಳೆಣ್ಣೆ ಹುರಿದ ಎಳ್ಳಿನದು. ನಮ್ಮ ಅಂಗಡಿಯ ಎಳ್ಳೆಣ್ಣೆಗೆ ಆ ಪರಿಮಳವಿಲ್ಲದ ಕಾರಣ, ಎಳ್ಳನ್ನು ಹುರಿದು ಪುಡಿಮಾಡಿ ಉದುರಿಸುವುದೇ ಮೇಲು.

ವೊಂಟನನ್ನು ಮೊದಲೇ ಹೊರತೆಗೆದಿಟ್ಟು ಕರಗಲು ಬಿಡಬೇಡ. ಹಾಗೆ ಬಿಟ್ಟರೆ ತೆಳುವಾದ ಹೊದಿಕೆ ತೇವ ಹೀರಿ ಮೆತ್ತಗಾಗಿ, ನೀರಿಗೆ ಬಿದ್ದೊಡನೆ ಹರಿಯುತ್ತದೆ. ಅಗಲವಾದ ಪಾತ್ರೆಯಲ್ಲಿ ಧಾರಾಳ ನೀರು ಕುದಿಯುತ್ತಿರುವಾಗ, ಒಬ್ಬಳಿಗೆ 10 ಅಥವಾ 12ರಂತೆ, ಫ್ರೀಜರಿನಿಂದ ತೆಗೆದವುಗಳನ್ನು ನೇರವಾಗಿ ಹಾಕಿ, ತಳಕ್ಕೆ ಅಂಟದಂತೆ ಸೌಟಿನ ಬೆನ್ನಿನಿಂದ ಒಮ್ಮೆ ಸರಿಸು. ಮತ್ತೆ ಕುದಿ ಬಂದಾಗ ಅರ್ಧ ಲೋಟ ತಣ್ಣೀರು ಹೊಯ್ಯಬೇಕು. ಇದು ಚೀನಾದ ಹಳೆಯ ಕ್ರಮ. ಕುದಿಯ ಅಬ್ಬರ ತಗ್ಗುವುದರಿಂದ ಹೊದಿಕೆ ಒಡೆಯದೆ ಒಳಗಿನ ಹೂರಣಕ್ಕೆ ಬೇಯಲು ಸಮಯ ಸಿಗುತ್ತದೆ. ಎಲ್ಲವೂ ತೇಲಿದ ಮೇಲೆಯೂ ಒಂದೆರಡು ನಿಮಿಷ ಬಿಟ್ಟು, ಒಂದನ್ನು ತುಂಡುಮಾಡಿ ನಡುಭಾಗ ಹೊಗೆಯಾಡುತ್ತಿದೆಯೇ ಎಂದು ನೋಡು. ಕೊನೆಯ ನಿಮಿಷದಲ್ಲಿ ಅದೇ ನೀರಿಗೆ ಒಂದು ಹಿಡಿ ಹರಿವೆ ಸೊಪ್ಪು ಹಾಕಿದರೆ ಊಟ ಪೂರ್ಣವಾಗುತ್ತದೆ. ಬೇಯಿಸಿದ ನೀರಿನಲ್ಲಿ ಹಿಟ್ಟಿನ ಅಂಶವಿರುವುದರಿಂದ, ಅದರ 2 ಚಮಚವನ್ನು ರಸಕ್ಕೆ ಬೆರೆಸಿದರೆ ರಸ ವೊಂಟನಿಗೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಒಣಗಿದ ತೆಪ್ಪಳವನ್ನು ನೆರೆಮನೆಯವರಿಂದ ತೆಗೆದಿಟ್ಟಿದ್ದೇನೆ. ಶನಿವಾರ ಪರಶುರಾಮ ಎಕ್ಸ್‌ಪ್ರೆಸ್ಸಿನಲ್ಲಿ ಬರುವ ಮಾವನ ಕೈಯಲ್ಲಿ ಬ್ಯಾಡಗಿ ಮೆಣಸಿನೊಂದಿಗೆ ಕಳುಹಿಸುತ್ತೇನೆ. ನೀನು ನೆಲಗಡಲೆ ಎಣ್ಣೆ ತಂದಿಟ್ಟುಕೋ.

ಇಂತು,
ನಿನ್ನ ಅಪ್ಪ