ಮುಟ್ಟಾಗದ ಹುಡುಗಿಯ ತಪಾಸಣೆ ಮದುವೆಯವರೆಗೆ ಕಾಯಬಾರದು

ಮಾನ್ಯ ಸಂಪಾದಕರೇ,

ಮಗಳು ದೊಡ್ಡವಳಾಗುವುದು ತಡವಾದಾಗ ‘ಲಗ್ನಾದ ಮ್ಯಾಲೆ ಎಲ್ಲಾ ಸರಿ ಹೋಗ್ತೈತಿ’ ಎನ್ನುವ ಮಾತು ನಮ್ಮ ಹಾವೇರಿ ಸೀಮೆಯ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ 15 ವರ್ಷ ತುಂಬಿದರೂ ಮುಟ್ಟಾಗದ ಹುಡುಗಿಯನ್ನು ವೈದ್ಯರಿಗೆ ತೋರಿಸಲೇಬೇಕು.

ಭ್ರೂಣದಲ್ಲಿ ಎರಡು ನಾಳಗಳು ಕೂಡಿ ಒಂದು ಗರ್ಭಕೋಶವಾಗಬೇಕು. ಈ ಬೆಳವಣಿಗೆ ನಡುವೆ ನಿಂತರೆ ಗರ್ಭಕೋಶ ಎರಡಾಗಿ ಉಳಿಯಬಹುದು, ಒಂದೇ ಪಾರ್ಶ್ವ ಬೆಳೆಯಬಹುದು, ಇಲ್ಲವೇ ನಡುವಿನ ಗೋಡೆ ಕರಗದೆ ಉಳಿಯಬಹುದು. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಗರ್ಭಕೋಶವೇ ಬೆಳೆದಿರುವುದಿಲ್ಲ. ಅಂಡಾಶಯಗಳು ಸರಿಯಾಗಿದ್ದು ಮೈಕಟ್ಟು ಎಲ್ಲರಂತೆಯೇ ಇರುವುದರಿಂದ ಮನೆಯವರಿಗೆ ಅನುಮಾನ ಬರುವುದಿಲ್ಲ. ಮದುವೆಯಾಗಿ ವರ್ಷಗಳು ಕಳೆದು, ಉಡಿ ತುಂಬುವ ಕಾರ್ಯಗಳಿಗೆ ಕರೆಯುವುದನ್ನೂ ಬಿಟ್ಟ ಬಳಿಕ, ಸ್ಕ್ಯಾನಿಂಗ್ ಕೋಣೆಯಲ್ಲಿ ಆಕೆಗೆ ವಿಷಯ ತಿಳಿಯುತ್ತದೆ. ಮುಟ್ಟು ಬರಿಸುವ ಮಾತ್ರೆಗಳಿಂದ ಇಂಥವರಿಗೆ ಯಾವ ಪ್ರಯೋಜನವೂ ಇಲ್ಲ. ಕೆಲವರಲ್ಲಿ ಒಂದು ಮೂತ್ರಪಿಂಡವೂ ಇರುವುದಿಲ್ಲವಾದ್ದರಿಂದ ಅದನ್ನೂ ಪರೀಕ್ಷಿಸಬೇಕು.

ಇನ್ನು ಕೆಲವರಿಗೆ ಗರ್ಭಕೋಶವಿದ್ದರೂ ಯೋನಿಮಾರ್ಗ ಮುಚ್ಚಿರುತ್ತದೆ. ಸ್ರಾವ ಕಾಣದೆ ತಿಂಗಳಿಗೊಮ್ಮೆ ಹೊಟ್ಟೆನೋವು ಬರುತ್ತಿದ್ದರೆ ರಕ್ತ ಒಳಗೇ ಶೇಖರವಾಗುತ್ತಿರಬಹುದು. ಕನ್ಯಾಪೊರೆಯಷ್ಟೇ ಮುಚ್ಚಿದ್ದರೆ ಚಿಕ್ಕ ಶಸ್ತ್ರಚಿಕಿತ್ಸೆ ಸಾಕು. ಮೇಲ್ಭಾಗದ ಅಡಚಣೆಯನ್ನು ಹಾಗೆಯೇ ಬಿಟ್ಟರೆ ರಕ್ತ ಹಿಮ್ಮುಖವಾಗಿ ಹರಿದು ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಉಂಟಾಗಿ, ಮುಂದೆ ಗರ್ಭ ನಿಲ್ಲುವುದಕ್ಕೇ ತೊಡಕಾಗಬಹುದು. ನೋವನ್ನು ‘ಉಷ್ಣ’ವೆಂದು ಹೇಳಿ ಜೀರಿಗೆ ನೀರು ಕುಡಿಸಿ ಕೂರುವುದು ಸರಿಯಲ್ಲ.

ಹಾಗೆಂದು ಇಂಥ ದೋಷವಿರುವವರೆಲ್ಲರೂ ಬಂಜೆಯರಲ್ಲ. ಎರಡು ಗರ್ಭಕೋಶಗಳಿರುವ ಎಷ್ಟೋ ಮಹಿಳೆಯರು ಹೆತ್ತಿದ್ದಾರೆ, ಗರ್ಭಪಾತ ಮತ್ತು ಅವಧಿಪೂರ್ವ ಹೆರಿಗೆಯ ಅಪಾಯ ಅವರಿಗೆ ಹೆಚ್ಚಿರುತ್ತದೆ, ಅಷ್ಟೆ. ನಡುವಿನ ಗೋಡೆಯನ್ನು ಕತ್ತರಿಸಿದರೆ ಮಗು ಖಚಿತ ಎಂಬ ಭರವಸೆಯನ್ನೂ ಎಚ್ಚರದಿಂದ ಕೇಳಬೇಕು: 2021ರಲ್ಲಿ ಪ್ರಕಟವಾದ, ಹಲವು ದೇಶಗಳಲ್ಲಿ ನಡೆದ ಒಂದು ಚಿಕ್ಕ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಿಂದ ಜೀವಂತ ಹೆರಿಗೆಗಳೇನೂ ಹೆಚ್ಚಲಿಲ್ಲ. ಗರ್ಭಕೋಶವೇ ಇಲ್ಲದವರು ತಮ್ಮದೇ ಅಂಡಾಣುವಿನಿಂದ ಬಾಡಿಗೆ ತಾಯ್ತನದ ಮೂಲಕ ಮಗು ಪಡೆಯಲು 2021ರ ಕಾಯ್ದೆಯಲ್ಲಿ ಅವಕಾಶವಿದೆ. ದತ್ತು ಸ್ವೀಕಾರವಂತೂ ಇದ್ದೇ ಇದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡಗಳು 18 ವರ್ಷದವರೆಗಿನ ಮಕ್ಕಳನ್ನು ಶಾಲೆಗೇ ಬಂದು ತಪಾಸಣೆ ಮಾಡುತ್ತವೆ. ಪ್ರೌಢಶಾಲೆಯ ಹುಡುಗಿಯರನ್ನು ಮಹಿಳಾ ಸಿಬ್ಬಂದಿಯೇ ಏಕಾಂತದಲ್ಲಿ ಮಾತನಾಡಿಸಿ, ಮುಟ್ಟಾಗಿದೆಯೇ, ತಿಂಗಳ ನೋವಿದೆಯೇ ಎಂದು ವಿಚಾರಿಸಬೇಕು. ಅಗತ್ಯವಿದ್ದವರನ್ನು ಗದಗ, ಹಾವೇರಿಯ ಜಿಲ್ಲಾಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಕಳುಹಿಸಿ, ಅವರು ಅಲ್ಲಿಗೆ ತಲುಪಿದರೇ ಎಂಬುದನ್ನೂ ನೋಡಬೇಕು. ಫಲಿತಾಂಶವನ್ನು ಮೊದಲು ತಾಯಿ–ಮಗಳಿಗೆ ತಿಳಿಸಬೇಕೇ ಹೊರತು, ಅದು ಶಾಲೆಯ ರಿಜಿಸ್ಟರಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತಾಗಬಾರದು.

– ನಿವೃತ್ತ ಶಿಕ್ಷಕಿ, ಹಾವೇರಿ