24 ಪಾಯಿಂಟಿಗೆ ಎಷ್ಟು ಕೊಡಬೇಕು?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಕ್ರೀಡಾ ಪುಟದಲ್ಲಿ ಅಪರೂಪಕ್ಕೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಸುದ್ದಿ ಬಂದ್ರೆ ಅದು ದುಡ್ಡಿನ ಸುದ್ದಿನೇ ಆಗಿರುತ್ತೆ, ಇಂಥ ಹುಡುಗನಿಗೆ ಇಷ್ಟು ನೂರು ಕೋಟಿ ಅಂತ ಮೂಲೇಲಿ ನಾಲ್ಕು ಸಾಲು. ಯಾಕೆ ಕೊಟ್ರು, ಇನ್ನೊಬ್ಬನಿಗೆ ಯಾಕೆ ಕೊಡ್ಲಿಲ್ಲ ಅನ್ನೋದು ಇರೋದೇ ಇಲ್ಲ. ಅದಕ್ಕೇ ಈ ಪತ್ರ. ನಾನು ತೀರ್ಥಹಳ್ಳಿ ಕಡೆ ಅಡಿಕೆ ಬೆಳೆಗಾರ, ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಬಾಸ್ಕೆಟ್‌ಬಾಲ್ ಆಡಿದೋನು (ಆಡಿದ್ದಕ್ಕಿಂತ ಬೆಂಚಲ್ಲಿ ಕೂತಿದ್ದೇ ಜಾಸ್ತಿ), ಈಗ ಬೆಳಿಗ್ಗೆ ನೆಟ್‌ವರ್ಕ್ ಇದ್ರೆ ಮ್ಯಾಚ್ ನೋಡ್ತೀನಿ, ಇಲ್ಲಾಂದ್ರೆ ತೋಟಕ್ಕೆ ಹೋಗ್ತೀನಿ.

ವಿಷಯ ಶುರುವಾಗಿದ್ದು ನಮ್ಮನೆ ಜಗಲಿ ಮೇಲೆ, ಅಡಿಕೆ ಸುಲಿಯೋ ಹೊತ್ತಲ್ಲಿ. ಪಿಯುಸಿ ಓದೋ ಮಗ ಮೊಬೈಲ್ ಹಿಡ್ಕೊಂಡು ಬಂದು, ಅಪ್ಪ ನೋಡು ಅನ್ಯಾಯ, ಬ್ರೂಕ್ಲಿನ್ ಟೀಮಿನ ಕ್ಯಾಮ್ ಥಾಮಸ್ 2024-25ರಲ್ಲಿ ಮ್ಯಾಚಿಗೆ ಸರಾಸರಿ 24 ಪಾಯಿಂಟ್ ಹೊಡೆದಿದಾನೆ, ವಯಸ್ಸು ಇನ್ನೂ 23, ಅವನಿಗೆ ಸಿಕ್ಕಿದ್ದು ಒಂದೇ ಒಂದು ವರ್ಷಕ್ಕೆ ಬರೀ 6 ಮಿಲಿಯನ್ ಡಾಲರ್ ಅಂದ. ಬರೀ ಅಂತೆ! ನಮ್ಮ ದುಡ್ಡಲ್ಲಿ 50 ಕೋಟಿ ದಾಟುತ್ತೆ. ಆದ್ರೂ ಅಲ್ಲಿನ ಲೆಕ್ಕದಲ್ಲಿ ಅವನು ಹೇಳಿದ್ದು ಸುಳ್ಳಲ್ಲ. 2022ರ ಅಕ್ಟೋಬರಲ್ಲಿ ಇಂಥದ್ದೇ ಇಬ್ಬರು ಹುಡುಗರಿಗೆ, ಮಯಾಮಿಯ ಟೈಲರ್ ಹೆರೋಗೆ 4 ವರ್ಷಕ್ಕೆ 130 ಮಿಲಿಯನ್ ತನಕ, ಗೋಲ್ಡನ್ ಸ್ಟೇಟ್ ಅನ್ನೋ ಟೀಮಿನ ಜೋರ್ಡನ್ ಪೂಲ್‌ಗೆ 140 ಮಿಲಿಯನ್ ತನಕ ಬರೆದುಕೊಟ್ಟಿದ್ರು. ಮೂರೇ ವರ್ಷದಲ್ಲಿ ರೇಟ್ ಹಿಂಗೆ ಬಿತ್ತಾ?

ಅವತ್ತು ನನ್ನ ಭಾವ ಬಂದಿದ್ರು. ಅವರಿಗೆ ಬಾಸ್ಕೆಟ್‌ಬಾಲ್ ಗೊತ್ತಿಲ್ಲ, ಆದ್ರೆ ಇಪ್ಪತ್ತು ವರ್ಷದಿಂದ ಚೇಣಿ (ಮರದ ಮೇಲಿರೋ ಫಸಲನ್ನೇ ಮೊದಲೇ ರೇಟ್ ಮಾತಾಡಿ ಕೊಳ್ಳೋದು) ಹಿಡಿಯೋರು. ತಲೆ ಎತ್ತದೇ ಕೇಳಿದ್ರು, "ಅದೆಲ್ಲ ಸರಿ ಮಾರಾಯ, ಕೊಳ್ಳೋಕೆ ಎಷ್ಟ್ ಜನ ಬಂದಿದ್ರು?"

ಅಷ್ಟೇ ವಿಷ್ಯ ನೋಡಿ.

ಹೊಸ ಹುಡುಗರನ್ನ ಟೀಮುಗಳು ಸರದಿ ಪ್ರಕಾರ ಒಬ್ಬೊಬ್ಬರನ್ನಾಗಿ ಆರಿಸ್ಕೊಳ್ತಾವೆ, ಅದಕ್ಕೆ ಡ್ರಾಫ್ಟ್ ಅಂತಾರೆ. ಅದರ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗನಿಗೆ ಮೊದಲ ನಾಲ್ಕು ವರ್ಷದ ಸಂಬಳ ಅವನು ಎಷ್ಟನೇ ನಂಬರಲ್ಲಿ ಆಯ್ಕೆಯಾದ ಅಂತ ನೋಡಿ ಮೊದಲೇ ಫಿಕ್ಸ್ ಆಗಿರುತ್ತೆ, ಎಷ್ಟೇ ಚೆನ್ನಾಗಿ ಆಡಿದ್ರೂ ಜಾಸ್ತಿ ಕೇಳೋ ಹಾಗಿಲ್ಲ. 1994ರಲ್ಲಿ ಗ್ಲೆನ್ ರಾಬಿನ್ಸನ್ ಅನ್ನೋನು ಒಂದ್ ಮ್ಯಾಚೂ ಆಡದೇ 10 ವರ್ಷಕ್ಕೆ 68 ಮಿಲಿಯನ್ ಬರೆಸ್ಕೊಂಡ, ಟೀಮ್ ಓನರುಗಳು ಹೆದರಿ ಮರುವರ್ಷವೇ ಈ ರೂಲ್ ತಂದ್ರು. ಮೂರು ವರ್ಷ ಮುಗಿದ ಮೇಲೆ ಟೀಮಿಗೆ ಇಷ್ಟ ಇದ್ರೆ ಮುಂದಿನದನ್ನ ಮುಂಚೆನೇ ಮಾತಾಡಿ ಮುಗಿಸಬಹುದು, ಹೆರೋ ಮತ್ತು ಪೂಲ್‌ಗೆ ಮಾಡಿದ್ದು ಅದೇ. ಥಾಮಸ್‌ಗೆ ಮಾಡ್ಲಿಲ್ಲ. ನಾಲ್ಕು ಮುಗಿದ ಮೇಲೆ ಅವನು ಮಾರ್ಕೆಟಿಗೆ ಬರ್ತಾನೆ, ಆದ್ರೆ ಹಳೇ ಟೀಮಿನ ಕೈಲಿ ಐಪಿಎಲ್‌ನ ಆರ್‌ಟಿಎಂ ಕಾರ್ಡ್ ಥರದ್ದೇ ಒಂದು ಹಕ್ಕು ಇರುತ್ತೆ, ಬೇರೆಯವ್ರು ಎಷ್ಟು ಕೂಗಿದ್ರೋ ಅಷ್ಟೇ ಕೊಟ್ಟು ಉಳಿಸ್ಕೋಬಹುದು. ಹಂಗಾಗಿ ಬೇರೆಯವ್ರು ಕೂಗೋಕೇ ಹಿಂಜರೀತಾರೆ. ಅದ್ರ ಮೇಲೆ 2025ರ ಬೇಸಿಗೇಲಿ ಕೈತುಂಬ ಕಾಸಿಟ್ಕೊಂಡು ಕೂತಿದ್ದ ಟೀಮ್ ಒಂದೇ, ಯಾವ್ದು ಅಂದ್ರೆ ಅವನದ್ದೇ ಬ್ರೂಕ್ಲಿನ್! ಮಂಡಿಗೆ ಮಾಲು ತಗೊಂಡು ಹೋದ್ರೆ ಒಬ್ಬನೇ ವರ್ತಕ ಕೂತಿದ್ದ ಹಾಗಾಯ್ತು. ಅವನು ರೇಟ್ ಯಾಕೆ ಏರಿಸ್ತಾನೆ? ಕೊನೆಗೆ ಥಾಮಸ್ ಒಂದು ವರ್ಷದ ಚಿಕ್ಕ ಮೊತ್ತಕ್ಕೇ ಸೈ ಹಾಕ್ದ, ಅದ್ರಲ್ಲಿ ಅವನಿಗೆ ಲಾಭ ಏನಂದ್ರೆ ಆ ವರ್ಷ ಅವನ ಒಪ್ಪಿಗೆ ಇಲ್ದೇ ಬೇರೆ ಟೀಮಿಗೆ ಸಾಗಹಾಕೋ ಹಾಗಿಲ್ಲ, ಮುಂದಿನ ಬೇಸಿಗೆಗೆ ಆರ್‌ಟಿಎಂ ಕಾಟನೂ ಇಲ್ಲ.

ಇದಕ್ಕೂ ಮಗ ಒಪ್ಲಿಲ್ಲ. ಆದ್ರೂ 24 ಪಾಯಿಂಟ್ 24 ಪಾಯಿಂಟೇ ತಾನೇ ಅಂದ.

ಅಲ್ಲೇ ನಂಗೂ ಅವನಿಗೂ ಜಗಳ. ಎನ್‌ಬಿಎಲಿ ಕಳಪೆ ಟೀಮೂ ಮ್ಯಾಚಿಗೆ 100ಕ್ಕಿಂತ ಮೇಲೆ ಹೊಡೆಯುತ್ತೆ. ಅಂದ್ರೆ ಸೋಲೋ ಟೀಮಲ್ಲೂ ಯಾರಾದ್ರೂ ಒಬ್ಬ 20-25 ಹೊಡೀಲೇಬೇಕು, ಬಾಲ್ ಯಾರ ಕೈಲಿ ಜಾಸ್ತಿ ಇರುತ್ತೋ ಅವನ ಲೆಕ್ಕಕ್ಕೆ ಹೋಗುತ್ತೆ. ಎಷ್ಟು ಸಲ ಎಸೆದು ಅಷ್ಟು ಹೊಡೆದ, ಪಕ್ಕದಲ್ಲಿ ಖಾಲಿ ನಿಂತೋನಿಗೆ ಪಾಸ್ ಕೊಟ್ನಾ, ಎದುರಾಳಿ ಗಾರ್ಡ್ (ಹೆಚ್ಚಾಗಿ ಬಾಲ್ ಹಿಡ್ಕೊಂಡು ಆಟ ನಡೆಸೋ ಆಟಗಾರ) ಬಂದಾಗ ತಡೆದ್ನಾ, ಇದೆಲ್ಲ ಆ 24ರಲ್ಲಿ ಕಾಣಲ್ಲ. ಥಾಮಸ್ ಆ ಸೀಸನ್‌ನ 82 ಮ್ಯಾಚಲ್ಲಿ ಆಡಿದ್ದೇ 25, ಮಿಕ್ಕಿದ್ದಕ್ಕೆ ಕಾಲುನೋವು. ಪ್ಲೇಆಫ್ ಬಂದ್ರಂತೂ ಎದುರು ಟೀಮ್‌ನೋರು ತಡೆಯೋಕೆ ಬಾರದ ಗಾರ್ಡನ್ನ ಹುಡುಕಿ ಹುಡುಕಿ ಅವನ ಮೇಲೇ ಆಟ ಕಟ್ತಾರೆ, ಅವನು ಈ ಕಡೆ ಹೊಡೆದಿದ್ದು ಆ ಕಡೆ ಸೋರಿ ಹೋಗುತ್ತೆ.

ನಂಬಿಕೆ ಇಲ್ದಿದ್ರೆ ಗೋಲ್ಡನ್ ಸ್ಟೇಟ್ ಕಥೆ ಕೇಳಿ. ಅಲ್ಲಿ ಮೊಂಟಾ ಎಲ್ಲಿಸ್ ಅಂತ ಇದ್ದ, ಹೈಸ್ಕೂಲಿಂದ ಸೀದಾ ಬಂದ ಹುಡುಗ, 2008ರಲ್ಲಿ 6 ವರ್ಷಕ್ಕೆ 66 ಮಿಲಿಯನ್ ಕೊಟ್ರು. ಅದೇ ಬೇಸಿಗೇಲಿ ಮೊಪೆಡ್ ಓಡಿಸೋಕೆ ಹೋಗಿ ಬಿದ್ದು ಕಣಕಾಲಿನ ಲಿಗಮೆಂಟ್ ಹರ್ಕೊಂಡ (ನಮ್ಮೂರ ಘಾಟಿಲಿ ಲೂನಾ ಓಡಿಸಿದೋರಿಗೆ ಇದು ಅರ್ಥ ಆಗುತ್ತೆ), ಟೀಮ್‌ನೋರು 30 ಮ್ಯಾಚಿನ ಸಂಬಳ ಕಟ್ ಮಾಡಿದ್ರು. ವಾಪಸ್ ಬಂದು ಚೆನ್ನಾಗೇ ಹೊಡೆದ, 2010-11ರಲ್ಲಿ ಸರಾಸರಿ 24.1. ಪಕ್ಕದಲ್ಲೇ ಇನ್ನೊಬ್ಬ ಸಣ್ಣ ಹುಡುಗ ಇದ್ದ, ಅವನದ್ದು 18.6, ಸಾಲದ್ದಕ್ಕೆ ಕಣಕಾಲು ಪದೇ ಪದೇ ಉಳುಕೋದು. 2012ರ ಮಾರ್ಚಲ್ಲಿ ಟೀಮ್‌ನೋರು 24 ಹೊಡೆಯೋನನ್ನ ಕೊಟ್ಟು ಬೇರೆಯವನನ್ನ ತಂದ್ರು, ಉಳುಕು ಕಾಲಿನೋನನ್ನ ಇಟ್ಕೊಂಡ್ರು. ಜನ ಸಿಟ್ಟಿಗೆದ್ದು ಕೋರ್ಟಿನ ನಡುವೆ ನಿಂತ ಓನರಿಗೇ ಬೂ ಅಂದ್ರು. ಆ ಅಕ್ಟೋಬರಲ್ಲಿ ಕಾಲಿನ ಭಯಕ್ಕೆ ಈ ಹುಡುಗನಿಗೆ ಕೊಟ್ಟಿದ್ದು 4 ವರ್ಷಕ್ಕೆ 44 ಮಿಲಿಯನ್ ಮಾತ್ರ. ಹೆಸರು ಸ್ಟೆಫ್ ಕರ್ರಿ. ಆ ನಾಲ್ಕು ವರ್ಷದೊಳಗೆ ಎರಡು ಸಲ ಎಂವಿಪಿ, ಅಂದ್ರೆ ಇಡೀ ಲೀಗಿನ ಆ ವರ್ಷದ ಶ್ರೇಷ್ಠ ಆಟಗಾರ.

ಭಾವಂಗೆ ಇದು ಬಹಳ ಹಿಡಿಸ್ತು. ಮರದಲ್ಲಿ ಅಡಿಕೆ ಕೊನೆ (ಗೊಂಚಲು) ನೋಡಿ ಚೇಣಿ ಮಾತಾಡೋದೂ ಹಿಂಗೇ, ದಪ್ಪ ಕೊನೆ ಯಾರಿಗಾದ್ರೂ ಕಾಣುತ್ತೆ, ಆಮೇಲೆ ಮಳೆಗಾಲ ಕಳೆದು ಕೊಳೆರೋಗ ಬರದೇ ಎಷ್ಟು ಉಳಿಯುತ್ತೆ ಅನ್ನೋದು ಲೆಕ್ಕ ಅಂದ್ರು.

ಆದ್ರೆ ಜಿಪುಣತನನೂ ತಿರುಗಿ ಹೊಡೆಯುತ್ತೆ. ಡಲ್ಲಾಸ್‌ನೋರು 2018ರಲ್ಲಿ ಜೇಲನ್ ಬ್ರನ್ಸನ್‌ನ ಎರಡನೇ ಸುತ್ತಲ್ಲಿ, 33ನೇ ನಂಬರಲ್ಲಿ ತಗೊಂಡಿದ್ರು. 4 ವರ್ಷಕ್ಕೆ 55.5 ಮಿಲಿಯನ್ ಕೊಟ್ಟು ಉಳಿಸ್ಕೊಳ್ಳೋ ಅವಕಾಶ ಇತ್ತು, ನೋಡೋಣ ನೋಡೋಣ ಅಂತ ಟೈಮ್ ಕಳೆದ್ರು, ಅವನ ಮೇಲೆ ಆರ್‌ಟಿಎಂ ಬೇರೆ ಇರ್ಲಿಲ್ಲ, 2022ರಲ್ಲಿ ನ್ಯೂಯಾರ್ಕ್ 104 ಮಿಲಿಯನ್ ಕೊಟ್ಟು ಎತ್ತಾಕ್ಕೊಂಡು ಹೋಯ್ತು. ಅವನೂ ಪಾಯಿಂಟ್ ಹೊಡೆಯೋ ಗಾರ್ಡೇ, ಆದ್ರೆ ಬಾಲ್ ಅವನ ಕೈಲಿದ್ರೆ ಉಳಿದ ನಾಲ್ಕು ಜನಕ್ಕೂ ಕೆಲಸ ಇರುತ್ತೆ. 2024ರಲ್ಲಿ ಅವನು 156.5 ಮಿಲಿಯನ್‌ಗೆ ಒಪ್ಕೊಂಡ, ಇನ್ನೊಂದು ವರ್ಷ ಕಾದಿದ್ರೆ ಸುಮಾರು 269 ಸಿಗ್ತಿತ್ತು. ಟೀಮಿಗೆ ಬೇರೆಯವರನ್ನ ಕೊಳ್ಳೋಕೆ ಜಾಗ ಇರ್ಲಿ ಅಂತ ಬಿಟ್ಟ.

ಆ ಜಾಗ ಅನ್ನೋದೇ ಈಗ ದೊಡ್ಡ ವಿಷ್ಯ. 2025-26ಕ್ಕೆ ಟೀಮಿನ ಸಂಬಳದ ಮಿತಿ 154.6 ಮಿಲಿಯನ್, ಎಳೇ ಆಟಗಾರನಿಗೆ ಅದ್ರ ಕಾಲು ಭಾಗ, ಅಂದ್ರೆ 38 ಮಿಲಿಯನ್ ಮೇಲೆ ಕೊಡಬಹುದು. ಮಿತಿ ದಾಟಬಾರದು ಅಂತೇನಿಲ್ಲ, ತಮ್ಮ ಹುಡುಗರನ್ನ ಉಳಿಸ್ಕೊಳ್ಳೋಕೆ ದಾಟಬಹುದು. ಆದ್ರೆ 2023ರಲ್ಲಿ ಎರಡನೇ ಏಪ್ರನ್ ಅಂತ ಹೊಸ ಗೆರೆ ಹಾಕಿದಾರೆ (ಅಡುಗೆಯವ್ರು ಕಟ್ಕೊಳ್ಳೋ ಏಪ್ರನ್ನೇ, ಯಾಕಾ ಹೆಸರಿಟ್ರೋ), 2025-26ಕ್ಕೆ ಅದು 207.8 ಮಿಲಿಯನ್ ಇತ್ತು. ಅದನ್ನ ದಾಟಿದ್ರೆ ಇಬ್ಬರು ಆಟಗಾರರನ್ನ ಕೊಟ್ಟು, ಅವರ ಸಂಬಳ ಕೂಡಿಸಿ ಅಷ್ಟು ದುಡ್ಡಿನ ಒಬ್ಬನನ್ನ ತರೋ ಹಾಗಿಲ್ಲ, ಇನ್ನೂ ಏನೇನೋ ಬಾಗಿಲು ಮುಚ್ಚುತ್ತೆ. ಹಂಗಾಗಿ 30 ಮಿಲಿಯನ್ ಈಸ್ಕೊಂಡು ಬರೀ ಪಾಯಿಂಟ್ ಹೊಡೆಯೋನು ಟೀಮಿಗೆ ಹೊರೆ. ಪೂಲ್‌ನ ಹೊಸ ಕಾಂಟ್ರಾಕ್ಟ್ ಶುರುವಾಗೋ ಬೇಸಿಗೇಲೇ ವಾಷಿಂಗ್ಟನ್‌ಗೆ ಸಾಗಹಾಕಿದ್ರು. ಹೆರೋ ಮಾತ್ರ ಪಾಸಿಂಗ್ ಕಲಿತು 2025ರಲ್ಲಿ ಆಲ್‌ಸ್ಟಾರ್ ಆದ, ಅಂದ್ರೆ ಲೀಗಿನ ತಾರೆಯರ ಪಂದ್ಯಕ್ಕೆ ಆಯ್ಕೆಯಾದ.

ನಾನಾಗಿದ್ರೆ ಥಾಮಸ್‌ಗೆ ವರ್ಷಕ್ಕೆ 15 ಮಿಲಿಯನ್, ಮಿತಿಯ ಹತ್ತನೇ ಒಂದು ಪಾಲು, ಎರಡು ವರ್ಷಕ್ಕೆ ಕೊಡ್ತಿದ್ದೆ. ಮಗ 25 ಅಂತಾನೆ. ಕಾಲೇಜ್ ಟೀಮಲ್ಲಿ ಅವನೂ ಇದೇ ಜಾತಿ, ಪಾಸ್ ಕೊಡೋದು ಅಂದ್ರೆ ಕೈಯಿಂದ ಗಂಟು ಬಿಚ್ಚಿದ ಹಾಗೆ ಆಡ್ತಾನೆ.

ನೀವು ಮುಂದಿನ ಸಲ ಇಂಥ ಸುದ್ದಿ ಹಾಕುವಾಗ ಪಾಯಿಂಟ್ ಜೊತೆಗೆ ಅಸಿಸ್ಟ್ (ಪಾಸ್ ಕೊಟ್ಟು ಬೇರೆಯವರಿಂದ ಹೊಡೆಸಿದ್ದು) ಎಷ್ಟು, ಮ್ಯಾಚ್ ಎಷ್ಟು ಆಡಿದ, ಟೀಮಿನ ಮಿತಿಯಲ್ಲಿ ಇವನ ಪಾಲೆಷ್ಟು, ಇಷ್ಟನ್ನ ಒಂದೇ ಸಾಲಲ್ಲಿ ಹಾಕಿ, ಜಾಗ ಏನೂ ಜಾಸ್ತಿ ಹಿಡಿಯಲ್ಲ. ಈ ಪತ್ರ ಅಚ್ಚಾದ್ರೆ ಮಗ ಉತ್ತರ ಬರೀತಾನಂತೆ. ಅದನ್ನೂ ಹಾಕಿ, ಉದ್ದ ಆದ್ರೆ ಕತ್ತರಿಸಿ.

ಇಂತಿ ನಿಮ್ಮ ಓದುಗ,
ತೀರ್ಥಹಳ್ಳಿ ತಾಲ್ಲೂಕು